ಐದನೇ ಫ್ಲಾಪಿ

"ಬಾಗಿಲು ಹಾಕ್ಕೊಂಡು ಏನ್ಮಾಡ್ತಿದೀಯ ಅತ್ತೆ?"

"ಪ್ಯಾಕಿಂಗ್ ಕಣೆ. ಧೂಳು ಬರತ್ತೆ, ಬಾಗಿಲು ಮುಚ್ಚು."

ಅನಿತ ಬಾಗಿಲು ಮುಚ್ಚಲಿಲ್ಲ. ಗೋಡೆಯಾಚೆ ಅಪ್ಪನ ನಾಲ್ಕು ಪವರ್‌ಲೂಮ್‌ಗಳು ಖಟಖಟ ಎನ್ನುತ್ತಿದ್ದವು. ಅಪ್ಪನ ತಂಗಿ ಅರುಣಾ ಊರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಾಳೆ. ಅಲ್ಲಿಂದ ತಂದ ಹಳೆಯ ಕಂಪ್ಯೂಟರಿನ ಮುಂದೆ ಆರು ಕಪ್ಪು ಫ್ಲಾಪಿಗಳನ್ನು ಹರಡಿಕೊಂಡು, ಒಂದೊಂದಕ್ಕೂ ನಂಬರ್ ಅಂಟಿಸುತ್ತಿದ್ದಳು. ಪಕ್ಕದಲ್ಲಿ ಸೀರೆಯ ಡಬ್ಬ. ಅದರ ಮೇಲೆ ಯಾರದೋ ವಿಳಾಸ.

"ಯಾರಿಗೆ ಇದು?"

"ಜಡಿಗೇನಹಳ್ಳಿ ಮುನಿಕೃಷ್ಣ ಮೇಷ್ಟ್ರಿಗೆ. ಸುಮ್ನೆ ಕೊಡ್ತಿರೋದು."

ಸುಮ್ನೆ! ಅನಿತಳ ಕಿವಿ ನೆಟ್ಟಗಾಯಿತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಯಾರು ಯಾರಿಗೆ ಸುಮ್ಮನೆ ಕೊಡುತ್ತಾರೆ? ಸೀರೆಯ ಡಿಸೈನ್ ಅಡಗಿರುವ ತೂತಿನ ರಟ್ಟುಗಳನ್ನು ಅಪ್ಪ ನೆಂಟರಿಗೂ ತೋರಿಸುವುದಿಲ್ಲ. ಹಳೆಯದಾದರೆ ತಾನೇ ನಿಂತು ನೀರೊಲೆಗೆ ಹಾಕುತ್ತಾನೆ. ಆದರೂ ಹೋದ ವಾರ ಅವರ ಮನೆಯ ನವಿಲಿನ ಬಾರ್ಡರ್ ಪಕ್ಕದ ಬೀದಿಯ ಮಗ್ಗದಲ್ಲಿ ಕಾಣಿಸಿಕೊಂಡಿತ್ತು. "ಒಳಗಿನೋರೇ ಯಾರೋ ಕೊಟ್ಟಿದಾರೆ" ಎಂದ ಅಪ್ಪ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ಅಜ್ಜಿಯ ಕತೆಯಲ್ಲಿ ಅಷ್ಟು ದೊಡ್ಡ ರಾಕ್ಷಸನ ಪ್ರಾಣ ಪುಟ್ಟ ಗಿಣಿಯೊಳಗೆ ಇರುತ್ತಿತ್ತು. ಅಂಗೈಯಗಲದ ಫ್ಲಾಪಿಯೊಳಗೆ ಒಂದು ನವಿಲು ಇರಬಾರದೇಕೆ?

ಅತ್ತೆ ನೀರು ಕುಡಿಯಲು ಎದ್ದಳು. ಅನಿತ ಐದನೇ ಫ್ಲಾಪಿಯನ್ನು ಲಂಗದ ಜೇಬಿಗೆ ಇಳಿಸಿದಳು. ಅಪ್ಪನಿಗೆ ತೋರಿಸಬೇಕು. ತೋರಿಸಿದರೆ ಕಂಪ್ಯೂಟರ್ ಇವತ್ತೇ ಬೀದಿಗೆ ಬೀಳುತ್ತದೆ. ಅತ್ತೆ? ಅವಳ ಗತಿ ಏನು? ಅನಿತ ಬಾಗಿಲು ದಾಟಲಿಲ್ಲ.

ಅತ್ತೆ ಬಂದು ಒಂದೊಂದೇ ಫ್ಲಾಪಿಯನ್ನು ಕಂಪ್ಯೂಟರಿಗೆ ತುರುಕಿದಳು. "ಕಂಪ್ಯೂಟರಲ್ಲಿದ್ದ ಕಾಪಿ ಅಳಿಸಿದೀನಿ. ಮೇಷ್ಟ್ರು ಈ ಫ್ಲಾಪಿಗಳಿಂದ ಹೊಸದಾಗಿ ಹಾಕ್ಕೊಂಡ್ರೆ ನಡೆಯತ್ತಾ ನೋಡ್ಬೇಕಲ್ಲ. ಮೂರು... ನಾಲ್ಕು... ಅಯ್ಯೋ, ಐದೆಲ್ಲಿ?"

ಮೇಜಿನ ಕೆಳಗೆ ಬಗ್ಗಿದಳು. ಡಬ್ಬ ಕೊಡವಿದಳು. ಚಾಪೆ ಎಳೆದಳು.

"ಒಂದಿಲ್ದಿದ್ರೆ ಏನಂತೆ? ಇನ್ನೂ ಐದಿದೆಯಲ್ಲ" ಎಂದಳು ಅನಿತ, ಗೋಡೆ ನೋಡುತ್ತಾ.

"ಆಗಲ್ಲ ಕಣೆ. ಮೊದಲ ನಾಲ್ಕರಲ್ಲಿ ಪ್ರೋಗ್ರಾಂ ಇದೆ, ಯಾವ ಶಬ್ದ ಬೇಕು ಅಂತ ನಾವು ಟೈಪ್ ಮಾಡಿದ್ರೆ ಅದನ್ನ ಕೇಳಿಸತ್ತೆ. ಕೊನೇ ಎರಡು ಲೈಬ್ರರಿ. ಅಂದ್ರೆ ಯಾವ್ಯಾವುದೋ ದೇಶದೋರು ಮಾಡಿ ಸೇರಿಸಿರೋ ಶಬ್ದದ ಸಾಮಾನು. ಐದರಲ್ಲೇ ಮಳೆ ಇರೋದು. ಶನಿವಾರ ಮೇಷ್ಟ್ರ ಸ್ಕೂಲ್ ಮಕ್ಕಳ ನಾಟಕಕ್ಕೆ ಮಳೆ ಬೇಕು! ಇದನ್ನ ಕೊಟ್ಟ ನಮ್ಮ ಕ್ಲಾಸಿನ ಮೇಡಂ ಊರಲ್ಲಿಲ್ಲ. ಇನ್ನೊಂದು ಕಾಪಿ ಎಲ್ಲಿಂದ ತರ್ಲಿ?"

"ಹಂಚಿದ್ರೆ ಮಾಡಿದೋರು ಬೈಯಲ್ವಾ?"

"ಹಂಚ್ಲಿ ಅಂತಾನೇ ಮಾಡಿರೋದು. ಹೇಗೆ ಮಾಡಿದೀವಿ ಅನ್ನೋದನ್ನೂ ಬರೆದಿಟ್ಟಿದಾರೆ. ಯಾರು ಬೇಕಾದ್ರೂ ಓದಿ ತಿದ್ಬಹುದು."

"ಸುಳ್ಳು."

"ನಂಗೂ ಮೊದ್ಲು ಹಾಗೇ ಅನ್ನಿಸ್ತು ಕಣೆ. ಏನೋ ಮೋಸ ಇರ್ಬೇಕು ಅಂತ ಎರಡು ತಿಂಗಳು ಮುಟ್ಟಿರ್ಲಿಲ್ಲ."

ಅತ್ತೆ ಮತ್ತೆ ಚಾಪೆ ಎತ್ತಿದಳು. ಅದೇ ಜಾಗ, ಮೂರನೇ ಸಲ. ಕಣ್ಣು ತುಂಬಿಕೊಂಡಿತ್ತು.

ಅನಿತ ಜೇಬಿಗೆ ಕೈ ಹಾಕಿದಳು. "ನಾನೇ ತಗೊಂಡಿದ್ದೆ. ನೀನು ನಮ್ಮ ನವಿಲನ್ನ ಕೊಡ್ತಿದೀಯ ಅಂದ್ಕೊಂಡೆ."

ಅತ್ತೆ ಕೈ ಚಾಚಿ ಅದನ್ನು ತೆಗೆದುಕೊಂಡಳು. ಫ್ಲಾಪಿಯನ್ನು ದುಪಟ್ಟಾದಲ್ಲಿ ಒರೆಸಿ ಒಳಗೆ ತಳ್ಳಿದಳು. ಗರ್ರ್ ಗರ್ರ್ ಎಂದಿತು. ಆಮೇಲೆ ಆರನೆಯದು. ಎರಡು ಸಾಲು ಟೈಪ್ ಮಾಡಿದಳು.

ಸ್ಪೀಕರಿನಲ್ಲಿ ಟಪ್ ಎಂದು ಒಂದು ಹನಿ. ಇನ್ನೊಂದು. ಆಮೇಲೆ ಲೆಕ್ಕವಿಲ್ಲದಷ್ಟು. ಮಗ್ಗಗಳ ಖಟಖಟದ ನಡುವೆಯೂ ಹೆಂಚಿನ ಮೇಲೆ ಮಳೆ ಸುರಿಯಿತು.

"ನಾನು ಕಳ್ಳಿಯಾ ಅನಿತ?" ಅತ್ತೆ ಪರದೆ ನೋಡುತ್ತಲೇ ಕೇಳಿದಳು.

ಬಾಗಿಲಲ್ಲಿ ಅಪ್ಪ ನಿಂತಿದ್ದ. ಮೊದಲು ಡಬ್ಬ ನೋಡಿದ, ಆಮೇಲೆ ವಿಳಾಸ, ಆಮೇಲೆ ಅತ್ತೆಯ ಮುಖ. ಹುಬ್ಬು ಗಂಟಾಯಿತು.

"ಅರುಣಾ, ಏನದು? ಯಾರಿಗೆ ಹೋಗ್ತಿದೆ?"

ಡಬ್ಬ ನೋಡಿದಾಗ ತನ್ನ ಕಣ್ಣಲ್ಲೂ ಇದೇ ಅನುಮಾನ ಇದ್ದಿರಬೇಕು ಅನ್ನಿಸಿತು ಅನಿತಳಿಗೆ. ಅತ್ತೆ ಅದನ್ನು ಕಂಡಿದ್ದಳೋ ಏನೋ.

ಅನಿತ ಸ್ಟೂಲನ್ನು ಎಳೆದು ಅಪ್ಪನ ಮುಂದಿಟ್ಟಳು.

"ಕೂತ್ಕೊ ಅಪ್ಪ. ಮೊದ್ಲು ಕೇಳು."