ಬೇವಿನ ಬುಡದಲ್ಲಿಟ್ಟ ಡಬ್ಬಿ

ಇದು ೨೦೦೮ರ ಒಂದು ಮಟಮಟ ಮಧ್ಯಾಹ್ನ ಸೂಡಿಯ ಹೊಲದಲ್ಲಿ ನಡೆದದ್ದು. ಹೊಲ ಅಳೆಯುವುದು ನನ್ನ ಕೆಲಸವಾದರೂ ನಾನು ಮಂದಿಯ ದನಿ ನಕಲು ಮಾಡಿ ನಗಿಸುವವನು, ಹಾಗಾಗಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ಜಿಪಿಎಸ್ ಡಬ್ಬಿಯನ್ನು ಟೊಪ್ಪಿಗೆಗೆ ಕಟ್ಟಿ, ಬ್ಲೂಟೂತಿನಲ್ಲಿ ಮೊಬೈಲಿಗೆ ಜೋಡಿಸಿ, ಅಳತೆಗೆ ಕರೆಸಿದ್ದ ಮುತ್ತು ತೋರಿಸಿದ ಗಡಿಯ ಬಾಂದಗಲ್ಲುಗಳ ಗುಂಟ ನಡೆದೆ. ತನ್ನ ಅಣ್ಣ ಫಕ್ಕೀರಪ್ಪ ಸತ್ತ ಮೇಲೆ ಮುತ್ತು ಆ ಕಲ್ಲುಗಳನ್ನು ಅತ್ತಿಗೆ ಸುಶೀಲವ್ವನ ಹೊಲದೊಳಗೆ ಹತ್ತು ಹೆಜ್ಜೆ ಸರಿಸಿದ್ದು ಊರಿಗೇ ಗೊತ್ತು; ಬಾಯಿ ಬಿಟ್ಟವರಿಲ್ಲ. ನನ್ನ ಮೈ ಉರಿಯುತ್ತಿತ್ತು.

ಮೊಬೈಲಿನಲ್ಲಿ ನನ್ನ ನಡಿಗೆಯ ಗೆರೆ ಮೂಡಿದ್ದು ಮಾತ್ರ ಕಲ್ಲುಗಳು ಮೊದಲಿದ್ದ ಜಾಗದಲ್ಲಿ.

“ಏ ಆಶಿಕ, ನಿನ್ನ ನಕಲಿ ಆಟ ಇಲ್ಲಿ ಬ್ಯಾಡ! ನನ್ನ ಕಲ್ಲಿನ ಪ್ರಕಾರ ಬರಿ!” ಮುತ್ತು ಹಾರಾಡಿದ.

ಜೋಡಣೆ ಅಳಿಸಿ ಮತ್ತೆ ಜೋಡಿಸಿ, ಡಬ್ಬಿಯನ್ನು ಬೇವಿನ ಬುಡದಲ್ಲಿಟ್ಟೆ. ಆ ಬಿಸಿಲಿನಲ್ಲೂ ಅದು ನೀರಿನ ಗಡಿಗೆಯಂತೆ ತಣ್ಣಗಿತ್ತು. ಡಬ್ಬಿ ಇಟ್ಟಲ್ಲೇ ಇತ್ತು. ಡಬ್ಬಿ ಎಲ್ಲಿದೆ ಎಂದು ತೋರಿಸುವ ಮೊಬೈಲಿನ ಚುಕ್ಕಿ ನಡೆಯತೊಡಗಿತು. ಮೂಲೆ ಮೂಲೆಗೆ ನಿಂತು, ಮತ್ತೆ ಮುಂದೆ ಹೋಗುತ್ತಿತ್ತು.

ಸುಶೀಲವ್ವ ಇಣುಕಿ ನೋಡಿದಳು. “ನಮ್ಮ ಮನಿಯವ್ರು ಇದ ನಮ್ಮ ಗಡಿ ಅಂತ ಆಣಿ ಮಾಡಿ, ತಲಿ ಮ್ಯಾಲ ಮಣ್ಣಿನ ಬುಟ್ಟಿ ಹೊತ್ತು ಬಾಂದ ನಡದಾಗ ಹಿಂಗ ನಿಂತು ನಿಂತು ಹೋಗಿದ್ರು, ತಮ್ಮಾ.”

“ಯಂತ್ರ ಕೆಟ್ಟೈತಿ! ಬ್ಯಾಟರಿ ತಗಿ!” ಮುತ್ತುವಿನ ದನಿ ಒಡೆದಿತ್ತು.

“ನೀನ ತಗಿಯಪಾ,” ಎಂದು ಡಬ್ಬಿಯನ್ನು ಅವನ ಕೈಗೇ ತುರುಕಿದೆ. ತೆಗೆದ.

ನಾನು ನಕ್ಷೆಗೆ ಬರೆದುಕೊಟ್ಟದ್ದು, ಆ ಬ್ಯಾಟರಿ ಮುತ್ತುವಿನ ಮುಷ್ಟಿಯಲ್ಲಿದ್ದಾಗ ಚುಕ್ಕಿ ಎರಡನೇ ಸುತ್ತು ನಡೆದು ಎಳೆದ ಗೆರೆಯನ್ನು.