ಅಗಲಿಕೆಯ ಗಡಿಗೆ ಮತ್ತು ಬೂದನೆಂಬ ನಾಯಿ

ಬಹಳ ಬಹಳ ಹಿಂದೆ ಸೊಬಗನಾಡು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಪ್ರತಿ ಮನೆಯ ಬಾಗಿಲ ಪಕ್ಕದಲ್ಲೂ ಕಲ್ಲಿನದೊಂದು... ಏನದರ ಹೆಸರು, ನಾಲಿಗೆಯ ತುದಿಯಲ್ಲೇ ಇದೆ, ಬರುತ್ತಿಲ್ಲ. ಬಾನಿಯಲ್ಲ, ಮರಿಗೆಯೂ ಅಲ್ಲ. ನಮ್ಮ ಕಡೆ ಅದಕ್ಕೆ ಬೇರೆಯೇ ಒಂದು ಹೆಸರಿತ್ತು. ಇಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ. ಇರಲಿ, ನಾಯಿಗೆ ಅನ್ನ ಹಾಕುವ ಕಲ್ಲಿನ ಕುಳಿ ಎಂದುಕೊಳ್ಳಿ. ಆ ನಾಡಿನಲ್ಲಿ ಮನೆಯವರು ಉಣ್ಣುವ ಮುಂಚೆ ಮೊದಲ ತುತ್ತು ಆ ಕುಳಿಗೆ ಬೀಳಬೇಕು. ಅರಮನೆಯಲ್ಲೂ ಹಾಗೆಯೇ, ಗುಡಿಸಲಲ್ಲೂ ಹಾಗೆಯೇ.

ಆ ನಾಡಿನ ಅಂಚಿನ ಊರಿನಲ್ಲಿ ನಿಂಗಿ ಎಂಬ ಹುಡುಗಿಯಿದ್ದಳು. ತಾಯಿ ದ್ಯಾವಮ್ಮ, ಒಂದು ಕತ್ತೆ, ಬೂದ ಎಂಬ ನಾಯಿ, ಇಷ್ಟೇ ಅವಳ ಸಂಸಾರ. ನಿಂಗಿ ಕತ್ತೆ ಹೊಡೆದುಕೊಂಡು ಕಡಲ ತೀರಕ್ಕೆ ಹೋಗಿ ಉಪ್ಪು ತರುತ್ತಿದ್ದಳು. ಹೋಗಲು ಹದಿನೈದು ದಿನ, ಬರಲು ಹದಿನೈದು ದಿನ. ಅವಳು ಹೊರಟಾಗಲೆಲ್ಲ ಬೂದ ಊರಿನ ಗಡಿಕಲ್ಲಿನವರೆಗೆ ಬಂದು, ಅವಳು ಕಣ್ಮರೆಯಾಗುವ ತನಕ ಊಳಿಟ್ಟು, ಆಮೇಲೆ ಎರಡು ದಿನ ಅನ್ನ ಮುಟ್ಟುತ್ತಿರಲಿಲ್ಲ. ದ್ಯಾವಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಸುಮ್ಕಿರೋ ಬೂದ, ಉಪ್ಪು ತರಕ್ಕೆ ಹೋಗವ್ಳೆ, ಸಾಯಕ್ಕಲ್ಲ," ಎಂದು ಅವನಿಗೆ ಬೈಯುತ್ತಿದ್ದಳು.

ಒಂದು ಸಲ ನಿಂಗಿ ಉಪ್ಪಿನ ಮೂಟೆಗಳೊಂದಿಗೆ ಮನೆಗೆ ಬಂದು ಬಾಗಿಲಲ್ಲಿ ನಿಂತಳು. ಬೂದ ಬಾಣದಂತೆ ಓಡಿಬಂದು, ಸುತ್ತು ಹಾಕಿ, ಬಿದ್ದು ಹೊರಳಿ, ಅವಳ ಕಾಲು ನೆಕ್ಕಿದ. ಒಳಗಿಂದ ದ್ಯಾವಮ್ಮ ಬಂದಳು.

"ಯಾರು ತಾಯಿ ನೀವು? ಯಾವೂರು?"

ನಿಂಗಿ ನಕ್ಕಳು. "ಆಟ ಆಡ್ಬೇಡ ಕಣವ್ವ. ಹೊಟ್ಟೆ ಹಸಿದು ಸಾಯ್ತಾ ಇದೀನಿ."

"ಅಯ್ಯೋ, ಬನ್ನಿ, ಜಗುಲಿ ಮೇಲೆ ಕೂತ್ಕೊಳ್ಳಿ." ದ್ಯಾವಮ್ಮ ಬೆಲ್ಲ, ನೀರು ತಂದಿಟ್ಟಳು. "ನೋಡಿ, ಹೊಸಬರು ಬಂದ್ರೆ ಈ ನಾಯಿ ಕಚ್ಚಕ್ಕೇ ಬರುತ್ತೆ. ಇವತ್ತು ಏನಾಯ್ತೋ ಇದಕ್ಕೆ."

"ಅವ್ವಾ, ನಾನು ನಿಂಗಿ. ನಿನ್ನ ಮಗಳು!"

"ನಂಗೆ ಮಕ್ಕಳಿಲ್ಲ ತಾಯಿ," ಎಂದಳು ದ್ಯಾವಮ್ಮ. ಅವಳ ದನಿಯಲ್ಲಿ ದುಃಖವಿರಲಿಲ್ಲ. ದಾರಿ ತಪ್ಪಿದವರನ್ನು ಕಂಡರೆ ಹುಟ್ಟುವ ಕರುಣೆಯಷ್ಟೇ ಇತ್ತು. ಬೈದಿದ್ದರೆ ನಿಂಗಿ ತಡೆದುಕೊಳ್ಳುತ್ತಿದ್ದಳು. ಆ ಮರ್ಯಾದೆಯನ್ನು ಅವಳಿಂದ ತಡೆಯಲಾಗಲಿಲ್ಲ. ಬೂದ ತನ್ನ ಕುಳಿಯಲ್ಲಿದ್ದ ಮುದ್ದೆಯ ಚೂರನ್ನು ಬಾಯಲ್ಲಿ ಕಚ್ಚಿ ತಂದು ಅವಳ ಮುಂದಿಟ್ಟ. ಆ ಊರಿನಲ್ಲಿ ಅವಳಿಗೆ ತನ್ನವರೆಂದು ಉಳಿದದ್ದು ಅವನೊಬ್ಬನೇ.

ನಿಂಗಿ ಅಳುತ್ತ ಗಡಿಕಲ್ಲು ದಾಟಿ ಹೊರಬಂದಳು. ಅಲ್ಲಿ ಪಾಳು ಮಂಟಪದಲ್ಲಿ ಮಾಸಿದ ರೇಷ್ಮೆ ಸೀರೆಯ ಹೆಂಗಸೊಬ್ಬಳು ಕುಳಿತಿದ್ದಳು. ಅವಳು ಚೆಲುವಾಜಿ, ಆ ನಾಡಿನ ಅರಸನ ಒಬ್ಬಳೇ ಮಗಳು.

"ನಿನ್ನನ್ನೂ ಯಾರೆಂದು ಕೇಳಿದರಾ?" ಎಂದಳು ಚೆಲುವಾಜಿ. "ನನ್ನ ಅಪ್ಪಾಜಿಯೂ ಕೇಳಿದರು. ನನ್ನನ್ನು ಪರದೇಶಕ್ಕೆ ಮದುವೆ ಮಾಡಿಕೊಟ್ಟ ಮೇಲೆ ಅವರಿಗೆ ಊಟ ಸೇರಲಿಲ್ಲ. ಮಬ್ಬಯ್ಯ ಎಂಬ ಮಾಯಾವಿಯನ್ನು ಕರೆಸಿ, ಅಗಲಿಕೆಯ ಸಂಕಟವನ್ನು ನನ್ನ ನಾಡಿನಿಂದಲೇ ಕಿತ್ತುಹಾಕು ಎಂದು ಬೇಡಿಕೊಂಡರು. ಅವನು ಹಾಗೇ ಮಾಡಿದ. ಸಂಕಟವನ್ನೆಲ್ಲ ಹಿಂಡಿ ಒಂದು ಗಡಿಗೆಯಲ್ಲಿ ತುಂಬಿಕೊಂಡು ಹೋದ. ಸಂಕಟದ ಜೊತೆಗೆ ದೂರ ಹೋದವರ ನೆನಪೂ ಹೋಯಿತು. ಈಗ ಗಡಿ ದಾಟಿದವರೆಲ್ಲ ಊರಿಗೆ ಅಪರಿಚಿತರು. ನಾಯಿಗಳನ್ನು ಮಾತ್ರ ಅವನು ಎಣಿಕೆಗೇ ತೆಗೆದುಕೊಂಡಿರಲಿಲ್ಲ."

"ಆ ಗಡಿಗೆ ಎಲ್ಲಿದೆ?"

"ಮಬ್ಬಿನ ಬೆಟ್ಟದಲ್ಲಿ, ಮೂರು ಬಾಗಿಲಾಚೆ. ದಿನಕ್ಕೊಂದು ಗುಟುಕು ಕುಡಿದು ಅವನು ಮುಪ್ಪಿಲ್ಲದೆ ಕೂತಿದ್ದಾನೆ. ನಾನು ಹೋಗಿದ್ದೆ ಕಣೆ. ಮೊದಲ ಬಾಗಿಲಲ್ಲೇ ಸೋತು ಬಂದೆ."

ನಿಂಗಿ ಕತ್ತೆಯನ್ನೂ ಉಪ್ಪನ್ನೂ ಚೆಲುವಾಜಿಗೆ ಒಪ್ಪಿಸಿ ಬೆಟ್ಟದ ದಾರಿ ಹಿಡಿದಳು. ಬೂದ ಹಿಂದೆಯೇ ಬಂದ.

"ಹೋಗೋ ಮನೆಗೆ! ನಿಂಗಾದ್ರೂ ಒಂದು ಮನೆ ಐತೆ," ಎಂದು ಗದರಿದಳು. ಅವನು ನಿಂತ, ಮತ್ತೆ ಬಂದ. ಸಿಟ್ಟಿನಲ್ಲಿ ಒಂದು ಕಲ್ಲು ಬೀಸಿದಳು. ಅದು ಅವನ ಹಿಂಗಾಲಿಗೆ ತಾಗಿತು. ಕುಂಯ್ ಎಂದ. ಕುಂಟುತ್ತ ಮತ್ತೆ ಹಿಂದೆಯೇ ಬಂದ.

ಮೊದಲ ಬಾಗಿಲಲ್ಲಿ ಮಣ್ಣಿನ ಹುಲಿಯೊಂದು ಕೂತಿತ್ತು.

"ನಿನಗೆ ನೋವು ಕೊಟ್ಟವರು ಯಾರು, ಹೇಳು," ಎಂದಿತು ಹುಲಿ.

"ಮಬ್ಬಯ್ಯ," ಎಂದಳು ನಿಂಗಿ. ಹುಲಿ ಹೋರಿಯಷ್ಟು ಬೆಳೆಯಿತು. "ನಮ್ಮ ಅರಸ." ಹುಲಿ ಆನೆಯಷ್ಟಾಯಿತು. "ನಮ್ಮವ್ವ, ಹೆತ್ತವಳೇ ಯಾರೆಂದು ಕೇಳಿದಳಲ್ಲ!" ಹುಲಿಯ ತಲೆ ಮೋಡಕ್ಕೆ ತಾಗಿತು.

ಹುಲಿ ಬಗ್ಗಿ ಬೂದನನ್ನು ನೋಡಿತು. "ನಾಯೀ, ನಿನ್ನ ಕಾಲಿಗೆ ಹೊಡೆದವರು ಯಾರು?"

ಬೂದ ಬಾಲ ಆಡಿಸಿದ. ನಿಂಗಿಯ ಪಾದದ ಮೇಲೆ ಗಲ್ಲವಿಟ್ಟು ಕೂತ. ಹುಲಿ ಮತ್ತೆ ಕೇಳಿತು. ಅವನು ಅವಳ ಕೈ ನೆಕ್ಕಿದ. ಕಲ್ಲು ಬೀಸಿದ ಕೈಯೇ ಅದು. ಹುಲಿ ಸರ್ರನೆ ಕುಗ್ಗಿ ಹೋರಿಯಷ್ಟಾಯಿತು.

ನಿಂಗಿಯ ಮುಖ ನಾಚಿಕೆಯಿಂದ ಬಿಸಿಯಾಯಿತು. ಬೂದನ ಕಾಲು ಸವರುತ್ತ, "ನಂಗೆ ನೋವು ಕೊಟ್ಟವರ ಹೆಸರು ನಾ ಹೇಳಲ್ಲ," ಎಂದಳು. ಹುಲಿ ಬೆಕ್ಕಿನ ಮರಿಯಷ್ಟಾಗಿ ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಾಚೆ ದೊಡ್ಡ ಹಜಾರ. ಅಲ್ಲಿ ನೂರು ಜನ ದ್ಯಾವಮ್ಮಂದಿರು ನಿಂತಿದ್ದರು. ಅದೇ ಮುಖ, ಅದೇ ಸೀರೆ.

"ನಿಂಗೀ, ಬಂದ್ಯಾ ಮಗಳೇ?" "ಬಾರೇ ನಿಂಗಿ, ಉಣ್ಣು ಬಾ." "ಎಷ್ಟು ಸೊರಗಿದ್ದೀಯೇ ನಿಂಗಿ!"

ತನ್ನ ಹೆಸರಿಗಾಗಿ ಹಸಿದಿದ್ದ ನಿಂಗಿಯ ಕಾಲು ತಾನಾಗಿಯೇ ಮುಂದೆ ಹೋಯಿತು. ಆ ಹಜಾರದ ತುಂಬ ಕಲ್ಲಿನ ಜನರಿದ್ದರು. ಎಲ್ಲರ ತೋಳುಗಳೂ ಯಾರನ್ನೋ ತಬ್ಬಲು ಚಾಚಿದ್ದವು. ನಿಂಗಿ ತಿರುಗಿ ಬೂದನನ್ನು ನೋಡಿದಳು. ದ್ಯಾವಮ್ಮನ ಸೆರಗಿನ ಗಾಳಿ ಸೋಕಿದರೆ ಸಾಕು, ಕುಣಿಯುವ ನಾಯಿ. ಅವನು ಒಂದು ಸಲ ಗಾಳಿ ಮೂಸಿದ. ಆಕಳಿಸಿದ. ಹಿಂಗಾಲಿನಿಂದ ಕಿವಿ ಕೆರೆದುಕೊಂಡ. ನೂರು ಬಾಯಿಗಳ ಸಿಹಿಮಾತಿಗೆ ಅವನ ಬಾಲ ಅಲುಗಲೇ ಇಲ್ಲ.

ನಿಂಗಿ ಅವನ ಕತ್ತಿನ ಕೂದಲು ಹಿಡಿದುಕೊಂಡು, ಹೆಸರು ಹಿಡಿದು ಕರೆಯುವ ನೂರು ತಾಯಂದಿರ ನಡುವೆ, ಯಾರಿಗೂ ಓಗೊಡದೆ ನಡೆದಳು. ಅವಳ ಬದುಕಿನಲ್ಲಿ ಅದಕ್ಕಿಂತ ಉದ್ದದ ದಾರಿ ಇನ್ನೊಂದಿರಲಿಲ್ಲ.

ಮೂರನೆಯ ಬಾಗಿಲು ಮುಚ್ಚಿತ್ತು. ಬೀಗವಿಲ್ಲ, ಅಗಳಿಯಿಲ್ಲ. ಮುದಿ ಸರ್ಪವೊಂದು ಹೊಸ್ತಿಲ ಮೇಲೆ ಸುತ್ತಿಕೊಂಡಿತ್ತು.

"ಇದನ್ನು ತೆಗೆಯುವುದು ಹೇಗೆ?" ಎಂದಳು ನಿಂಗಿ.

"ತೆಗೆಯಲಾಗುವುದಿಲ್ಲ. ತೆರೆದಾಗ ತೆರೆಯುತ್ತದೆ," ಎಂದಿತು ಸರ್ಪ. "ಬೇಸರವಾದರೆ ಹೋಗು. ಯಾರೂ ತಡೆಯುವುದಿಲ್ಲ."

ನಿಂಗಿ ತಳ್ಳಿದಳು, ಗುದ್ದಿದಳು, ಕಾಡಿಬೇಡಿದಳು. ಬೂದ ಮುಂಗಾಲುಗಳ ಮೇಲೆ ಗಲ್ಲವಿಟ್ಟು, ಬಾಗಿಲಿಗೆ ಮುಖ ಮಾಡಿ ಮಲಗಿದ. ಪ್ರತಿ ಸಲವೂ ತಿಂಗಳಿಡೀ ಅವನು ತನಗಾಗಿ ಹೀಗೆಯೇ ಮಲಗಿರುತ್ತಿದ್ದನಲ್ಲವೇ ಎಂದು ಅವಳಿಗೆ ಆಗ ಹೊಳೆಯಿತು. ಅವನ ಪಕ್ಕದಲ್ಲಿ ತಾನೂ ಕೂತಳು. ಕಾಡಿನ ಹಣ್ಣು ತಿಂದರು, ಮಂಜಿನ ನೀರು ಕುಡಿದರು. ಮಳೆ ಬಂತು, ಹೋಯಿತು. ಚಳಿ ಬಂತು, ಹೋಯಿತು. ನಿಂಗಿಯ ಜಡೆ ಮೊಣಕಾಲಿಗೆ ಬಂತು, ಬೂದನ ಮೂತಿ ಬೆಳ್ಳಗಾಯಿತು. ಮಾತಾಡಲು ಯಾರೂ ಇಲ್ಲದ ಆ ಬೆಟ್ಟದಲ್ಲಿ ಅವಳು ಅವನಿಗೇ ಊರಿನ ಸುದ್ದಿ ಹೇಳುತ್ತಿದ್ದಳು. ಒಂದು ಮುಂಜಾನೆ, ಅವಳು ಅವನ ಮೈಯ ಮುಳ್ಳು ಕೀಳುತ್ತಿದ್ದಾಗ, ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.

ಒಳಗೆ ಮಬ್ಬಯ್ಯ ಕೂತಿದ್ದ. ನೋಡಲು ಸುಂದರ, ಮುಖದಲ್ಲಿ ಒಂದು ಸುಕ್ಕಿಲ್ಲ. ತೊಡೆಯ ಮೇಲೆ ಕರೀ ಗಡಿಗೆ.

"ಬಾ ನಿಂಗಿ, ತಗೋ," ಎಂದು ಅವನೇ ಗಡಿಗೆಯನ್ನು ನೀಡಿದ. "ಒಡೆಯುವುದು ಸುಲಭ. ಆದರೆ ಯೋಚಿಸು. ನಿಮ್ಮವ್ವ ಈಗ ಹೊಟ್ಟೆ ತುಂಬ ಉಣ್ಣುತ್ತಾಳೆ, ಕಣ್ಣುತುಂಬ ನಿದ್ದೆ ಮಾಡುತ್ತಾಳೆ. ಇದು ಒಡೆದರೆ ಇಷ್ಟು ದಿನದ ಅಳು ಒಟ್ಟಿಗೇ ಅವಳ ಎದೆಗೆ ಬೀಳುತ್ತದೆ. ಹೆತ್ತ ತಾಯಿಯನ್ನು ಅಳಿಸುತ್ತೀಯಾ?"

ನಿಂಗಿ ಗಡಿಗೆಯನ್ನು ತೆಗೆದುಕೊಂಡಳು. ಬೆಲ್ಲ ತಂದಿಟ್ಟ ಅವ್ವನ ನೆಮ್ಮದಿಯ ಮುಖ ಕಣ್ಣ ಮುಂದೆ ಬಂತು. ಗಡಿಗೆಯನ್ನು ಕೆಳಗಿಡಲು ಬಗ್ಗಿದಳು. ಬಗ್ಗಿದಾಗ ಬೂದನ ಬಿಳಿ ಮೂತಿ ಅವಳ ಕೆನ್ನೆಗೆ ತಾಗಿತು.

"ಅಯ್ಯಾ," ಎಂದಳು ನಿಂಗಿ ಮೆಲ್ಲಗೆ. "ನಾ ಹೊರಟಾಗೆಲ್ಲ ಇವನು ಅನ್ನ ಬಿಡ್ತಿದ್ದ. ಬಂದಾಗೆಲ್ಲ ಬಿದ್ದು ಹೊರಳ್ತಿದ್ದ. ಎಷ್ಟು ಸಲ ಅತ್ತನೋ! ಆದ್ರೆ ಒಂದು ಸಲಾನೂ ಇವಳನ್ನ ಮರೆಸಿಬಿಡಿ ಅಂತ ಯಾರನ್ನೂ ಕೇಳಲಿಲ್ಲ."

ಅವಳು ಗಡಿಗೆಯನ್ನು ಎತ್ತಿ ಬಂಡೆಗೆ ಅಪ್ಪಳಿಸಿದಳು.

ಒಳಗಿನಿಂದ ಗಾಳಿಯಂಥ ಒಂದು ನಿಟ್ಟುಸಿರು ಹೊರಟು ಬೆಟ್ಟ ಇಳಿಯಿತು. ಮೊದಲು ತಾಗಿದ್ದು ಮಬ್ಬಯ್ಯನಿಗೆ. ಅವನ ಕೂದಲು ನೆರೆಯಿತು, ಬೆನ್ನು ಬಾಗಿತು. "ನಮ್ಮಮ್ಮ... ನಂಗೂ ಒಬ್ಬಳು ಅಮ್ಮ ಇದ್ದಳು," ಎನ್ನುತ್ತ, ಮಾಯೆಯೆಲ್ಲ ಕಳೆದುಕೊಂಡ ಬರಿಯ ಮುದುಕನಾಗಿ, ತಾನು ಹುಟ್ಟಿದ ಊರಿನ ದಾರಿ ಹುಡುಕುತ್ತ ಅವನು ಹೊರಟುಹೋದ. ಹಜಾರದ ಕಲ್ಲಿನ ಜನ ಕಣ್ಣುಬಿಟ್ಟು ತಂತಮ್ಮ ಮನೆಗಳತ್ತ ಓಡಿದರು. ಅರಮನೆಯಲ್ಲಿ ಅರಸನ ಕೈಯ ತುತ್ತು ತಟ್ಟೆಗೆ ಬಿತ್ತು. "ನನ್ನ ಮಗಳು!" ಎಂದವನೇ ಕಿರೀಟ ಮರೆತು, ಬರಿಗಾಲಲ್ಲಿ, ಅವಳೆಲ್ಲಿ ಎಂದು ಕಂಡವರನ್ನೆಲ್ಲ ಕೇಳುತ್ತ ಪಾಳು ಮಂಟಪಕ್ಕೆ ಓಡಿದ. ಅಂದು ಸೊಬಗನಾಡಿನಲ್ಲಿ ಅಳದ ಮನೆಯಿರಲಿಲ್ಲ. ಎಷ್ಟೋ ಕಾಲದ ಮೇಲೆ ಮನೆಮನೆಯ ಬಾಗಿಲಲ್ಲೂ ಯಾರೋ ಒಬ್ಬರು ದಾರಿ ನೋಡುತ್ತ ನಿಂತಿದ್ದರು.

ನಿಂಗಿ ಬೆಟ್ಟ ಇಳಿದು ಬರುವಾಗ ದ್ಯಾವಮ್ಮ ಗಡಿಕಲ್ಲಿನ ಹತ್ತಿರವೇ ಇದ್ದಳು. ಕೂದಲು ಕೆದರಿತ್ತು, ಕಣ್ಣು ಊದಿತ್ತು. ಬೂದ ಕುಂಟುತ್ತಲೇ ಓಡಿದ. ನಿಂಗಿಗೆ ಮಾತ್ರ ಹತ್ತಿರ ಹೋಗಲು ಭಯ. ಮತ್ತೆ 'ಯಾರು ತಾಯಿ ನೀವು' ಎಂದುಬಿಟ್ಟರೆ? ಹತ್ತು ಮಾರು ದೂರದಲ್ಲೇ ನಿಂತಳು.

"ಲೇ ನಿಂಗಿ! ಹಾಳಾದೋಳೇ!" ದ್ಯಾವಮ್ಮ ಕಿರುಚಿದಳು. "ಎಲ್ಲಿ ಸತ್ತೋಗಿದ್ಯೇ ಇಷ್ಟು ದಿನ? ಹೇಳಿಲ್ಲ ಕೇಳಿಲ್ಲ! ತಲೆ ನೋಡು, ಕಾಗೆ ಗೂಡು ಕಟ್ಟಿದಂಗೆ! ಬಾಯಿಲ್ಲಿ, ಕಾಲು ಮುರಿದು ಮೂಲೆಗೆ ಕೂರಿಸ್ತೀನಿ ನಿನ್ನ!"

ಅಷ್ಟು ಇಂಪಾದ ಮಾತನ್ನು ನಿಂಗಿ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಓಡಿಹೋಗಿ ಅವ್ವನ ಮಡಿಲಲ್ಲಿ ಮುಖ ಹುದುಗಿಸಿದಳು. ಬೆನ್ನ ಮೇಲೆ ಎರಡು ಗುದ್ದು ಬಿದ್ದವು, ಆಮೇಲೆ ಅದೇ ಕೈ ಬೆನ್ನು ಸವರಿತು. ಆ ದಿನದಿಂದ ಆ ನಾಡಿನ ಜನ ಹೊರಡುವಾಗ ಮುಚ್ಚುಮರೆಯಿಲ್ಲದೆ ಅತ್ತರು, ಬಂದಾಗ ಬಿದ್ದು ಬಿದ್ದು ನಕ್ಕರು. ದೂರ ಹೋದವರೂ ಸುಖವಾಗಿದ್ದರು, ಉಳಿದವರೂ ಸುಖವಾಗಿದ್ದರು. ಬೂದನಂತೂ ಇನ್ನೂ ಎಷ್ಟೋ ವರ್ಷ ಅವರಿಬ್ಬರ ನಡುವೆ ಬಿಸಿಲು ಕಾಯಿಸುತ್ತ ಮಲಗಿದ್ದ.

ಪುಟ್ಟೀ, ಕಾಗದ ತಗೊಂಡು ಬಾ ಇಲ್ಲಿ, ನಾ ಹೇಳಿದ ಈ ಕಥೇನ ಬರಕೋ. ನನ್ನ ಅಕ್ಷರ ಈಗ ನನಗೇ ಓದಕ್ಕಾಗಲ್ಲ. ಹುಲಿ, ಸರ್ಪ ಎಲ್ಲ ನಿನ್ನ ಮಾತಲ್ಲೇ ಬರಿ, ಪರವಾಗಿಲ್ಲ. ಆ ತಾಯಿ ಬೈದದ್ದಿದೆಯಲ್ಲ, ಅದನ್ನ ಮಾತ್ರ ನಾನು ಹೇಳಿದ ಹಾಗೇ, ಒಂದಕ್ಷರ ಬಿಡದೆ ಬರಿ.