ಟ್ಯಾಂಕಿನೊಳಗಿನ ಉಸಿರು

ಇಂಟರ್ವಲ್ ಮುಗಿದು ಸ್ವಲ್ಪ ಹೊತ್ತಿಗೇ ಯಾಮಿನಿ ಎದ್ದು ಹೊರಗೆ ಬಂದುಬಿಟ್ಟಳು. ಥಿಯೇಟರಿನ ಬಾಗಿಲು ಹಿಂದೆ ಮುಚ್ಚಿಕೊಂಡರೂ ಒಳಗಿನ ಕಿರುಚಾಟ ಅವಳನ್ನು ಬಿಡಲಿಲ್ಲ. ಗೋಡೆ ಬದಿಯ ಬೆಂಚಿನಲ್ಲಿ ಕುಸಿದು, "ದೇವರೇ, ಸಾಕಪ್ಪಾ" ಎಂದಳು.

"ನೀರು ಬೇಕಾ?"

ಮುಂಬೈ ಪಕ್ಕದ ಠಾಣೆಯಲ್ಲಿ, ಘೋಡಬಂದರ್ ರಸ್ತೆಯ ಮಾಲಿನಲ್ಲಿ ಕನ್ನಡ! ತಲೆಯೆತ್ತಿ ನೋಡಿದಳು. ಬಾಗಿಲಿಗೆ ಕಿವಿಗೊಟ್ಟಂತೆ ನಿಂತಿದ್ದವನೊಬ್ಬ ಬಾಟಲಿ ಚಾಚಿದ್ದ. ನಿದ್ದೆ ಕಾಣದ ಕಣ್ಣು, ತುಟಿಯ ತುದಿಯಲ್ಲಿ ಸಣ್ಣ ನಗು.

"ಅಷ್ಟು ಹೆದರಿಕೆ ಆಯ್ತಾ?"

"ಹೆದರಿಕೆ ಅಲ್ಲ. ಸಿಟ್ಟು," ಎಂದಳು ಬಾಟಲಿ ತೆಗೆದುಕೊಳ್ಳುತ್ತ.

ನಗು ಅಲ್ಲೇ ನಿಂತಿತು. "ಯಾಕೆ?"

ಅಪರಿಚಿತನಿಗೆ ಅಷ್ಟೆಲ್ಲ ಹೇಳುವ ಅಗತ್ಯವಿರಲಿಲ್ಲ. ಆದರೂ ಮಾತು ತಡೆಯಲಿಲ್ಲ.

"ಫಸ್ಟ್ ಹಾಫ್ ಎಷ್ಟು ಚೆನ್ನಾಗಿತ್ತು! ಆ ವಾಚ್‌ಮನ್ ಖಾಲಿ ನೀರಿನ ಟ್ಯಾಂಕಲ್ಲಿ ಅಡಗಿ ಕೂತಿರ್ತಾನಲ್ಲ, ಪೂರ್ತಿ ಕತ್ತಲು, ಬರೀ ಅವನ ಉಸಿರು. ಕೊಲೆಗಾರನನ್ನ ತೋರಿಸೋದೇ ಇಲ್ಲ. ಭಯ ಅಂದ್ರೆ ನಿಜವಾಗ್ಲೂ ಹಾಗೇ ಇರುತ್ತೆ. ನಾನೂ ಅವನ ಪಕ್ಕದಲ್ಲೇ ಕೂತಿದ್ದೆ ಅನ್ನಿಸ್ತು. ಆಮೇಲೆ? ಅವನನ್ನ ಕೊಚ್ಚಿಹಾಕಿದ್ರು, ಜನ ಸೀಟಿ ಹೊಡೆದ್ರು, ಕತೆ ಇನ್ನೊಂದು ಕೊಲೆಗೆ ಹೋಯ್ತು. ಸತ್ತ ಮೇಲೆ ಒಬ್ಬರಾದ್ರೂ ಅವನ ಹೆಸರು ಹೇಳಿದ್ರಾ?"

ಅವನು ಯೋಚಿಸಿದ. "ಇಲ್ಲ."

"ಅದರ ಮೇಲೆ ಆ ಮೂಳೆ ಮುರಿಯೋ ಸೌಂಡ್ ಬೇರೆ! ಯಾವನು ಮಾಡಿದ್ನೋ."

"ನಾನೇ ಮಾರಾಯ್ರೆ."

ಯಾಮಿನಿ ನೀರಿನ ಗುಟುಕನ್ನು ಕಷ್ಟಪಟ್ಟು ನುಂಗಿದಳು.

"ಹಸಿ ಕಬ್ಬು, ಮೂಲಂಗಿ ಮುರಿದ ಸದ್ದು ಅದು. ನಮ್ಮ ಹೋಟೆಲಿನ ಕಿಚನ್‌ನಿಂದ ತಂದದ್ದು," ಎಂದ ಅವನು ತಪ್ಪು ಮಾಡಿದ ಹುಡುಗನ ಹಾಗೆ. "ಜನ ಹೇಗೆ ರಿಯಾಕ್ಟ್ ಮಾಡ್ತಾರೆ ಅಂತ ಕೇಳ್ಲಿಕ್ಕೆ ಬಂದೆ. ಒಳಗೆ ಕೂತರೆ ಸ್ಕ್ರೀನ್ ಮೇಲೇ ಗಮನ ಹೋಗ್ತದೆ, ಅದಕ್ಕೆ ಬಾಗಿಲಲ್ಲಿ ನಿಂತೆ."

"ಹಾಗಾದ್ರೆ ಆ ಉಸಿರು?"

"ಅದೂ ನಂದೇ. ಆ್ಯಕ್ಟರ್ ಕೊಟ್ಟದ್ದು ಸರಿ ಬರ್ಲಿಲ್ಲ. ಲೈಟ್ ಆಫ್ ಮಾಡಿ ನಾನೇ ಮೈಕ್ ಎದುರು ಕೂತೆ."

ಅಷ್ಟು ಹತ್ತಿರದಿಂದ ಕೇಳಿದ ಉಸಿರು ಈಗ ಎದುರಿಗೇ ನಿಂತಿತ್ತು. ಯಾಮಿನಿ ಕಣ್ಣು ತಗ್ಗಿಸಿದಳು. ಅವನೂ ಕೈಯಲ್ಲಿ ಉಳಿದಿದ್ದ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತ.

ಅವನ ಹೆಸರು ಕುಶಾಲ್, ಸಿನಿಮಾಗಳಿಗೆ ಸದ್ದು ಮಾಡಿಕೊಡುವುದು ಕೆಲಸ. ಮನೆಯವರು ಉಡುಪಿ ಕಡೆಯವರು, ಠಾಣೆ ರೈಲ್ವೆ ಸ್ಟೇಷನ್ ಹತ್ತಿರ ಸಸ್ಯಾಹಾರಿ ಹೋಟೆಲ್. ಅವಳು ಮೈಸೂರಿನವಳು, ಮಹಾಪೆಯ ಒಂದು ಐಟಿ ಕಂಪನಿಯಲ್ಲಿ ಕೆಲಸ. "ಬೈಯುವುದು ಬಾಕಿ ಇದ್ದರೆ ಫೋನ್ ಮಾಡಿ" ಎಂದು ಅವನು ನಂಬರ್ ಕೊಟ್ಟ. ಬಾಕಿ ಇತ್ತು. ಅವಳು ಮಾಡಿದಳು.

ಶನಿವಾರದ ಸಂಜೆಗಳು ಮಾಸುಂದಾ ಕೆರೆಯ ದಂಡೆಯಲ್ಲಿ ಕಳೆಯತೊಡಗಿದವು. ಸಿನಿಮಾದ ಕೊನೆಯ ಅರ್ಧ ಗಂಟೆ ದಂಡ ಎಂದು ಅವನೇ ಒಪ್ಪಿಕೊಂಡ. ಕ್ಯಾಮೆರಾಮನ್ ಮಾತ್ರ ಗಟ್ಟಿಗ ಎಂದು ಅವಳು ಒಪ್ಪಿಕೊಂಡಳು. ಅವಳು ವಾದಿಸುವಾಗ ಹುಬ್ಬು ಮೇಲೇರುವುದನ್ನು ನೋಡಲೆಂದೇ ಅವನು ಕೆಲವೊಮ್ಮೆ ಸುಳ್ಳುಸುಳ್ಳೇ ಸಿನಿಮಾದ ಪರ ಮಾತಾಡುತ್ತಿದ್ದ. ಅವಳಿಗದು ಗೊತ್ತಿತ್ತು. ಹುಬ್ಬು ಇನ್ನಷ್ಟು ಏರುತ್ತಿತ್ತು.

ಒಂದು ಸಂಜೆ ಅವನು ಕೇಳಿದ, "ಆ ದಿನ ಅಷ್ಟು ಸಿಟ್ಟು ಯಾಕೆ ಬಂತು? ನಿಜ ಹೇಳಿ."

ಯಾಮಿನಿ ಕೆರೆಯತ್ತ ತಿರುಗಿದಳು.

"ನನ್ನ ತಮ್ಮ ಬೈಕ್ ಓಡಿಸ್ತಿದ್ದ. ನಾನು ಹಿಂದೆ ಕೂತಿದ್ದೆ. ಟ್ಯಾಂಕರ್ ಒಂದು ಅಡ್ಡ ತಿರುಗಿತು. ನನಗೆ ಕೈ ತರಚಿತು ಅಷ್ಟೆ. ಸಿನಿಮಾದಲ್ಲಿ ಇರುತ್ತಲ್ಲ, ಆ ಥರದ ಸದ್ದು ಏನೂ ಬರಲಿಲ್ಲ ಕುಶಾಲ್. ಅವನು ಮಲಗಿದ ಹಾಗೇ ಇದ್ದ. ಎರಡು ವರ್ಷ ಆಯ್ತು. ಮನೇಲಿ ಈಗ ಅವನ ಬಗ್ಗೆ ಯಾರೂ ಮಾತಾಡಲ್ಲ. ನಾನು ಅಳ್ತೀನಿ ಅಂತ ಅವರಿಗೆ ಭಯ, ಅವರು ಅಳ್ತಾರೆ ಅಂತ ನನಗೆ."

ಸಮಾಧಾನದ ಮಾತು ಬರುತ್ತದೆಂದು ಅವಳು ಮನಸ್ಸು ಗಟ್ಟಿಮಾಡಿಕೊಂಡಳು. ಅದು ಬರಲಿಲ್ಲ.

"ಅವನ ಹೆಸರು?"

"ಮನೀಶ."

"ಮನೀಶ," ಎಂದ ಕುಶಾಲ್, ಮೆಲ್ಲಗೆ, ಪೂರ್ತಿಯಾಗಿ. "ಎಂತ ಓದಿದ್ದ?"

ಕತ್ತಲಾಗುವ ತನಕ ಅವಳು ತಮ್ಮನ ಬಗ್ಗೆ ಹೇಳಿದಳು. ಅವನ ಕೆಟ್ಟ ಅಡುಗೆ, ಹರಿದ ಕ್ರಿಕೆಟ್ ಗ್ಲೌಸು, ಸಾಲ ಕೇಳುವಾಗ ಮಾತ್ರ ಕರೆಯುತ್ತಿದ್ದ "ಅಕ್ಕಯ್ಯ". ನಡುವೆ ನಕ್ಕಳು, ನಡುವೆ ಅತ್ತಳು. ಕುಶಾಲ್ ಕೇಳಿಸಿಕೊಂಡ.

ಆ ಮೇಲಿನ ಎರಡು ಶನಿವಾರ ಅವನು ಬರಲಿಲ್ಲ. "ಕೆಲಸ ಉಂಟು" ಎಂಬ ಒಂದು ಸಾಲಿನ ಮೆಸೇಜು ಬಂತು, ಅಷ್ಟೆ. ಅಳುವ ಹುಡುಗಿಯೆಂದರೆ ಯಾರಿಗೆ ತಾನೇ ಬೇಕು ಎಂದುಕೊಂಡು ಯಾಮಿನಿ ಫೋನನ್ನು ಬೋರಲು ಹಾಕಿಟ್ಟಳು. ಆದರೂ ಮೂರನೇ ಶನಿವಾರ ಕಾಲು ಕೆರೆಯ ಕಡೆಗೇ ಎಳೆಯಿತು. ಅವನು ಆಗಲೇ ಬಂದು ಕಾಯುತ್ತಿದ್ದ. ಮುಖ ಇಳಿದುಹೋಗಿತ್ತು.

"ಪಾರ್ಟ್ ಟೂ ಮಾಡ್ತಿದ್ದಾರೆ," ಎಂದ. "ಮೊದಲಿನದ್ದಕ್ಕಿಂತ ಜಾಸ್ತಿ ರಕ್ತ. ಒಂದು ಸಾವಾದ್ರೂ ಸಾವಿನ ಹಾಗೆ ಇರ್ಲಿ, ಅದಾದ ಮೇಲೆ ಸ್ವಲ್ಪ ಸುಮ್ಮನೆ ಇರುವ ಅಂತ ಡೈರೆಕ್ಟರ್ ಹತ್ರ ಎಷ್ಟು ಹೇಳಿದೆ. ಕತೆ ಕೂಡ ಬರೆದುಕೊಟ್ಟೆ. 'ಪಬ್ಲಿಕ್ ಸೋ ಜಾಯೇಗಿ', ಜನ ನಿದ್ದೆ ಹೋಗ್ತಾರೆ ಅಂದ. ನಾನು ಬಿಟ್ಟು ಬಂದೆ."

ಯಾಮಿನಿ ಅವನತ್ತ ತಿರುಗಿದಳು. "ನನಗೋಸ್ಕರ ಬಿಟ್ರಾ? ನಾಳೆ ಕೆಲಸ ಇಲ್ಲದೆ ಕೂತಾಗ ನನ್ನ ಮುಖ ನೋಡೋಕೆ ನಿಮಗೇ ಬೇಜಾರಾಗುತ್ತೆ. ಬೇಡ. ವಾಪಸ್ ಹೋಗಿ."

"ನಿಮಗೋಸ್ಕರ ಅಲ್ಲ. ಆ ಸದ್ದು ಈಗ ನನಗೇ ಸುಳ್ಳು ಅಂತ ಕೇಳಿಸ್ತದೆ. ಬೇರೆ ಕೆಲಸ ಹುಡುಕ್ತೇನೆ. ನಿಮಗೋಸ್ಕರ ಮಾಡಿದ್ದು ಬೇರೆ ಉಂಟು."

"ಏನು?"

"ಅಮ್ಮನ ಹತ್ರ ನಿಮ್ಮ ವಿಷಯ ಹೇಳಿದೆ. ಇವಳನ್ನು ಬಿಟ್ಟು ನನಗೆ ಆಗುದಿಲ್ಲ ಅಂತ."

ಕೆರೆಯ ದಂಡೆಯ ಗಲಾಟೆಯೆಲ್ಲ ಅವಳಿಗೆ ದೂರವಾಯಿತು.

"ನನಗೆ ಹೇಳೋಕೆ ಮುಂಚೆ ಅಮ್ಮಂಗೆ ಹೇಳಿದ್ರಾ?"

"ಅಲ್ಲಿ ಹೆದರಿಕೆ ಕಮ್ಮಿ."

ಹುಬ್ಬು ಏರಿತು. ಅದರ ಕೆಳಗೆ ಕಣ್ಣು ತುಂಬಿತ್ತು. "ನನಗೆ ಈಗಲೂ ಇದ್ದಕ್ಕಿದ್ದ ಹಾಗೆ ಅಳು ಬರುತ್ತೆ ಕುಶಾಲ್. ಹಬ್ಬದ ದಿನ, ಊಟದ ಮಧ್ಯೆ. ಅದು ಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

"ಕೊಡಬೇಡಿ. ಆಗ ನಾನು ಪಕ್ಕದಲ್ಲಿ ಇದ್ದರೆ ಅಡ್ಡಿ ಇಲ್ಲ ಅಲ್ವಾ?"

ಅವಳು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಅಮ್ಮ ಈಗ ಹೋಟೆಲಲ್ಲಿ ಇದ್ದಾರಾ?"

"ಇದ್ದಾರೆ. ಯಾಕೆ?"

ಯಾಮಿನಿ ಕೈ ಚಾಚಿದಳು. ಇಷ್ಟು ದಿನದ ಬಹುವಚನ ಅವಳ ನಾಲಿಗೆಯಿಂದ ತಾನಾಗಿಯೇ ಕಳಚಿ ಬಿತ್ತು.

"ನಡಿ, ಹೋಗೋಣ."